ಕುಂಕುಮ ಹಚ್ಚಿದ ಮುಖ ಮೇಲಕ್ಕೆ

ಹೈದರಾಬಾದಿನಲ್ಲಿ ಐಟಿ ಕಂಪನಿಗಳು ನಾಯಿಕೊಡೆಗಳ ಹಾಗೆ ಏಳುತ್ತಿದ್ದ ಕಾಲ. ಪ್ರತಿ ಕಂಪನಿಗೂ ಮೊದಲು ಗಾಜಿನ ಕಟ್ಟಡ ಬೇಕು, ಆಮೇಲೆ ಹುಲ್ಲುಹಾಸು ಬೇಕು. ಜನ ಕೊಡ ಹಿಡಿದು ಟ್ಯಾಂಕರ್ ಕಾಯುವ ಊರಿನಲ್ಲಿ ಹುಲ್ಲಿಗೆ ಎರಡು ಹೊತ್ತು ಸ್ನಾನ. ಜೀಡಿಮೆಟ್ಲಾದ ಕಾರ್ಖಾನೆಯೊಂದರಲ್ಲಿ ಪಂಪು ಬಿಚ್ಚಿ ಜೋಡಿಸುತ್ತಿದ್ದ ನಾನು ಉಪ್ಪಲ್ ಕಡೆಯ ಅಂಥದೊಂದು ಕ್ಯಾಂಪಸ್ಸಿಗೆ ಮೆಂಟೆನೆನ್ಸ್ ಸೂಪರ್‌ವೈಸರ್ ಆಗಿ ಸೇರಿಕೊಂಡೆ. ರಾಯಚೂರಿನ ಡಿಪ್ಲೊಮಾ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಸೊಕ್ಕು ಬರಲು ಇಷ್ಟು ಸಾಕಾಗಿತ್ತು.

ಹುಲ್ಲು ಕತ್ತರಿಸುವ ಯಂತ್ರ ಹಡಗಿನಲ್ಲಿ ಬಂತು. ಸಣ್ಣ ಟ್ರ್ಯಾಕ್ಟರಿನಂತೆ ಮೇಲೆ ಕೂತು ಓಡಿಸಬೇಕು. ಅದರ ಹೊಟ್ಟೆಯ ಕೆಳಗೆ ಬೋರಲು ಹಾಕಿದ ಪರಾತದಂಥ ಕಬ್ಬಿಣದ ಡೆಕ್ಕು, ಅದರೊಳಗೆ ಗಿರಗಿರ ತಿರುಗುವ ಮೂರು ಬ್ಲೇಡು. ಓಡಿಸುತ್ತಿದ್ದವಳು ಲಿಂಗಸುಗೂರು ಕಡೆಯ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವಳು. ಅದೇ ಕಟ್ಟಡಕ್ಕೆ ಇಟ್ಟಿಗೆ ಹೊತ್ತು, ಕಟ್ಟಡ ಮುಗಿದ ಮೇಲೆ ಕಳೆ ಕೀಳಲು ಉಳಿದುಕೊಂಡವಳು. ಯಂತ್ರ ತಂದವರು ಓಡಿಸುವುದನ್ನು ಕಲಿಸುವಾಗ ನಮ್ಮ ಗಂಡಸರೆಲ್ಲ ಬೀಡಿ ಸೇದಲು ಹೋಗಿದ್ದರು. ಈಕೆ ನಿಂತು ನೋಡಿ ಕಲಿತುಬಿಟ್ಟಳು. ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟು ಆಕೆ ಸೀಟಿನ ಮೇಲೆ ಕೂತರೆ ಗಾಜಿನ ಹಿಂದಿನ ಇಂಜಿನಿಯರುಗಳು ಕೆಲಸ ಬಿಟ್ಟು ನೋಡುತ್ತಿದ್ದರು. ಹೇಗೂ ಅವರಿಗೆ ಬೇರೆ ಕೆಲಸ ಇದ್ದಂತೆ ನನಗೆ ಕಂಡಿರಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಅಡ್ಮಿನ್ ಮ್ಯಾನೇಜರ್ ಮೈಸೂರಿನವರು, ದಸರೆಯೆಂದರೆ ತಮ್ಮ ಪಿತ್ರಾರ್ಜಿತ ಆಸ್ತಿ ಎಂದು ತಿಳಿದವರು. "ನೋಡ್ರೀ, ಆಯುಧ ಅಂದ್ರೆ ಹರಿತ ಇರೋದು. ಬ್ಲೇಡ್ ಬಿಚ್ಚಿ, ಸಾಣೆ ಹಿಡಿದು, ದೇವರ ಮುಂದೆ ಇಡಿ. ಬಾನೆಟ್ಟಿಗೊಂದು ಬೊಟ್ಟಿಟ್ಟು ಕೈ ತೊಳ್ಕೊಳ್ಳೋದಲ್ಲ," ಎಂದು ಅಪ್ಪಣೆ ಕೊಡಿಸಿದರು. ಮೇಲಿನ ಮಹಡಿಯ ಇಂಜಿನಿಯರುಗಳು ಕೀಬೋರ್ಡುಗಳ ಸಂದಿಗೆ ಅರಿಸಿನ ಸುರಿದು, ಆಮೇಲೆ ಒತ್ತಿದ ಗುಂಡಿ ಮೇಲೇಳುತ್ತಿಲ್ಲ ಎಂದು ನನ್ನನ್ನೇ ಕರೆಸಿದರು, ಆ ಮಾತು ಬೇಡ.

ಅಲ್ಲಿಯವರೆಗೆ ನಾನು ಆ ಬ್ಲೇಡುಗಳನ್ನು ಬಿಚ್ಚಿದವನಲ್ಲ. ಬಿಚ್ಚಿ ಸಾಣೆ ಹಿಡಿದೆ. ಒಂದು ಮುಖ ಬೋಳು, ಇನ್ನೊಂದರ ಮೇಲೆ ಇಂಗ್ಲಿಷ್ ಅಕ್ಷರಗಳ ಅಚ್ಚು. ಅಕ್ಷರವೆಂದರೆ ಸರಸ್ವತಿ. ಹಳೆಯ ಪೇಪರಿಗೆ ಕಾಲು ತಗುಲಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದ ನಾನು ಆ ಮುಖಕ್ಕೇ ಎಣ್ಣೆಯಲ್ಲಿ ಕಲಸಿದ ಕುಂಕುಮ ಮೆತ್ತಿದೆ. ಮ್ಯಾನೇಜರು ಕುಂಬಳಕಾಯಿ ಒಡೆದರು, ಬೂಂದಿ ಹಂಚಿದರು. ಮರಳಿ ಹಾಕುವಾಗ ಕುಂಕುಮ ಹಚ್ಚಿದ ಮುಖವನ್ನು ಮಣ್ಣಿಗೆ ಮಾಡುವ ಪಾಪಿ ಯಾರು? ಮೇಲಕ್ಕೆ ಮಾಡಿ ಬಿಗಿದು, ಭಕ್ತಿಯಿಂದ ಕೈಮುಗಿದೆ.

ಮರುದಿನದಿಂದಲೇ ಹುಲ್ಲು ಕೆಟ್ಟಿತು. ತುದಿಗಳು ಚಿಂದಿಯಾಗಿ ಎರಡು ದಿನದಲ್ಲಿ ಕಂದು ಬಣ್ಣಕ್ಕೆ ತಿರುಗಿದವು. ಗಾಡಿ ಹೋದ ದಾರಿಯುದ್ದಕ್ಕೂ ಹುಲ್ಲಿನ ಉಂಡೆ.

ಆಕೆ ಒಂದು ಹಿಡಿ ಹುಲ್ಲು ಕಿತ್ತು ತಂದು ತೋರಿಸಿದಳು. "ಇದು ಕೊಯ್ದಂಗಿಲ್ರಿ ಸಾಹೇಬ್ರ. ದನಾ ಜಗ್ಗಿ ತಿಂದಂಗ ಐತಿ. ಬ್ಲೇಡ್ ಒಮ್ಮೆ ನೋಡ್ರಿ."

"ನಾನೇ ಸಾಣಿ ಹಿಡದೀನಕ್ಕಾ. ಗಡ್ಡ ಬೋಳಿಸಬೌದು ಅದರಾಗ. ನೀ ಗಾಡಿ ಮೆಲ್ಲಕ ಓಡಸು."

"ಮೆಲ್ಲಕೇ ಓಡ್ಸಾಕತ್ತೀನ್ರಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇದನ್ನು ಮನಸ್ಸಿನಲ್ಲೇ ಅಂದುಕೊಂಡಿದ್ದರೆ ಆಗುತ್ತಿತ್ತು. ಮ್ಯಾನೇಜರ ಮುಂದೆ ಬಾಯಿಬಿಟ್ಟು ಅಂದೆ. ಅಮೆರಿಕದ ಗಿರಾಕಿಗಳು ಮುಂದಿನ ವಾರ ಬರುವವರಿದ್ದರು, ಮ್ಯಾನೇಜರ ತಲೆ ಮೊದಲೇ ಬಿಸಿಯಾಗಿತ್ತು. "ಹಾಗಾದ್ರೆ ಆಕೇನ ಕೆಲಸದಿಂದ ಬಿಟ್ಟುಬಿಡೋಣ. ಸೋಮವಾರದಿಂದ ಏಜೆನ್ಸಿ ಡ್ರೈವರ್ ಬರಲಿ," ಎಂದರು. ಬೈಯುತ್ತಾರೆ ಎಂದುಕೊಂಡಿದ್ದೆ, ಅಷ್ಟೆ. ಆದರೆ ಬಾಯಿಂದ ಬಿದ್ದ ಮಾತು ಹೆಕ್ಕಿಕೊಳ್ಳಲು ನನ್ನ ಸೊಕ್ಕು ಬಿಡಲಿಲ್ಲ.

ಸುದ್ದಿ ಆಕೆಗೆ ಮುಟ್ಟಿತು. ಶನಿವಾರ ಬೆಳಿಗ್ಗೆ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಳು. "ಈ ಸೀಟಿನ ಮ್ಯಾಲಿಂದ ಇಳಿಸಿದ್ರ ನಾ ಮತ್ತ ಇಟ್ಟಂಗಿ ಹೊರಾಕ ಹೋಗಬೇಕ್ರಿ. ಮೊಣಕಾಲು ಕೇಳಂಗಿಲ್ಲ." ಅಳಲಿಲ್ಲ, ಬೇಡಲಿಲ್ಲ. ಇದ್ದದ್ದನ್ನು ಹೇಳಿದಳು. ನಾನು ಟೂಲ್ ಪೆಟ್ಟಿಗೆ ಎತ್ತಿಕೊಂಡೆ.

ಇಬ್ಬರೂ ಕೂಡಿ ಗಾಡಿ ಪರೀಕ್ಷೆಗೆ ಇಳಿದೆವು. ನಾಲ್ಕೂ ಟೈರಿನ ಗಾಳಿ ಸಮ ಇತ್ತು. ಗಾಡಿಯನ್ನು ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ ಡೆಕ್ಕಿನ ಅಂಚು ನೆಲದಿಂದ ಎಷ್ಟು ಎತ್ತರ ಎಂದು ಎರಡೂ ಬದಿ ಟೇಪು ಹಿಡಿದೆ, ಡೊಂಕಿಲ್ಲ. ಬೆಲ್ಟು ಬಿಗಿಯಾಗಿತ್ತು. ಬ್ಲೇಡು ತಿರುಗಿಸುವ ಬೇರಿಂಗುಗಳನ್ನು ಮೇಲಿನ ಪುಲಿ ಹಿಡಿದು ತಿರುವಿ ಕಿವಿಗೊಟ್ಟೆ, ಸದ್ದಿಲ್ಲ. ಎಲ್ಲ ಸರಿಯಿದ್ದಷ್ಟೂ ನನಗೆ ಸಿಟ್ಟು ಬರತೊಡಗಿತು. "ಬ್ಲೇಡೊಂದು ಉಳೀತಲ್ರಿ," ಎಂದಳು. ಬೇರೆ ದಾರಿಯಿಲ್ಲದೆ ಪಿನ್ನು ಕಿತ್ತು, ಡೆಕ್ಕನ್ನು ಹೊರಗೆಳೆದು, ಸನಿಕೆ ತೂರಿಸಿ ಮೀಟಿ ಅಂಗಾತ ಕೆಡವಿದೆವು.

ಬ್ಲೇಡಿನ ತುದಿಯ ಬಾಗಿದ ರೆಕ್ಕೆಗಳು ಡೆಕ್ಕಿನ ಕಡೆಗೆ ಇದ್ದರೆ ಹುಲ್ಲನ್ನು ಎಬ್ಬಿಸಿ ನಿಲ್ಲಿಸುತ್ತವೆ. ಇಲ್ಲಿ ಅವು ನೆಲದ ಕಡೆಗಿದ್ದವು. ನಾನು ಸಾಣೆ ಹಿಡಿದ ಅಂಚು ತಿರುಗುವಾಗ ಹಿಂದೆ, ಮೊಂಡು ಬೆನ್ನು ಮುಂದೆ. ಇಷ್ಟು ದಿನ ನಾವು ಹುಲ್ಲನ್ನು ಕೊಯ್ದಿರಲಿಲ್ಲ, ಬಡಿದಿದ್ದೆವು. ಬೋಲ್ಟು ಬಿಚ್ಚಿ ಆಚೆಯ ಮುಖ ನೋಡಿದರೆ ಕುಂಕುಮ ಹಾಗೇ ಇತ್ತು. ಚಿಂದಿ ಬಟ್ಟೆಯಿಂದ ಒರೆಸಿದೆ. ಅಕ್ಷರಗಳು ಒಂದೊಂದಾಗಿ ಎದ್ದುಬಂದವು: ಈ ಮುಖ ನೆಲದ ಕಡೆಗೆ.

"ಏನ್ ಬರದೈತ್ರಿ?" ಆಕೆ ಬಗ್ಗಿ ಕೇಳಿದಳು.

"ಕಂಪನಿ ಹೆಸರು," ಎಂದೆ. ನಾಚಿಕೆಗೇಡಿ ನಾಲಿಗೆ, ತಡವರಿಸಲೂ ಇಲ್ಲ.

ಮೂರೂ ಬ್ಲೇಡುಗಳನ್ನು ತಿರುವಿ ಹಾಕಿ ಡೆಕ್ಕನ್ನು ಕಟ್ಟಿದೆ. ಆಕೆ ಒಂದು ಸುತ್ತು ಓಡಿಸಿದಳು. ಹುಲ್ಲು ಹೊಸದಾಗಿ ಕ್ಷೌರ ಮಾಡಿಸಿದ ತಲೆಯಂತೆ ಸಪಾಟಾಯಿತು. ಆಕೆ ಇಳಿದಳು. ಸೀಟನ್ನು ಸೆರಗಿನಿಂದ ಒರೆಸಿ, ಕೀಲಿಯನ್ನು ನನ್ನ ಕೈಗಿಟ್ಟು, ತನ್ನ ಬುತ್ತಿಚೀಲ ತೆಗೆದುಕೊಂಡಳು. ಕೆಲಸ ಹೋಯಿತೆಂದೇ ತಿಳಿದಿದ್ದಳು.

ನಾನು ಮೇಲೆ ಹೋದೆ. ಮ್ಯಾನೇಜರು ಫೋನು ಕೈಯಲ್ಲೇ ಹಿಡಿದು ಕೇಳಿದರು, "ಏನಾಗಿತ್ರೀ?" ಬೆಲ್ಟು ಸಡಿಲಾಗಿತ್ತು ಎಂದರೆ ಮುಗಿಯುತ್ತಿತ್ತು. ಆದರೆ ಓಡಿಸುವವಳ ತಪ್ಪು ಎಂಬ ನನ್ನ ಮಾತು ಹಾಗೇ ಉಳಿಯುತ್ತಿತ್ತು, ಸೋಮವಾರ ಬೇರೆಯವನು ಬರುತ್ತಿದ್ದ. ಇದ್ದದ್ದನ್ನು ಹೇಳಿದೆ. ಕುಂಕುಮದ ಸಮೇತ.

ಅವರು ನನ್ನನ್ನು ದಿಟ್ಟಿಸಿ ನೋಡಿದರು. "ಅಕ್ಷರದ ಮೇಲೆ ಕುಂಕುಮ ಹಚ್ಚಿ ಅಂತ ನಾನು ಹೇಳಿರಲಿಲ್ಲ," ಎಂದು ಮೊದಲು ತಮ್ಮ ತಲೆ ಕಾಯ್ದುಕೊಂಡರು. ಆಮೇಲೆ ಏಜೆನ್ಸಿಗೆ ಫೋನು ಮಾಡಿ ಡ್ರೈವರ್ ಬೇಡ ಎಂದರು.

ಕೆಳಗೆ ಓಡಿದೆ. ಆಕೆ ಗೇಟಿನ ಹತ್ತಿರ ಇದ್ದಳು. ಕೀಲಿ ಕೊಟ್ಟೆ. "ತಪ್ಪು ನಂದೇ ಇತ್ತಕ್ಕಾ. ಬ್ಲೇಡ್ ಉಲ್ಟಾ ಹಾಕಿದ್ದೆ. ಸಾಹೇಬ್ರಿಗೆ ಹೇಳಿ ಬಂದೀನಿ. ನೀ ಎಲ್ಲೂ ಹೋಗೂದು ಬ್ಯಾಡ."

"ನೀವು ತಿರುವಿ ಹಾಕುವಾಗ ನೋಡೀನ್ರಿ," ಎಂದಳು. "ಅದರ ಮ್ಯಾಲೆ ಏನ್ ಬರದಿತ್ತು, ಈಗರ ಹೇಳ್ರಿ."

ಹೇಳಿದೆ. ಆಕೆ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ.

"ನನಗ ಓದಾಕ ಬರಂಗಿಲ್ರಿ ಸಾಹೇಬ್ರ," ಎಂದಳು. "ನಿಮಗ ಬರ್ತೈತಲ್ರಿ."