ಕಲ್ಲು ಬಿಟ್ಟು ಎಷ್ಟು ಜನ?

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಭದ್ರಾ ಹೊಳೆಯ ದಡದ ಕಾಡಿನಲ್ಲಿ ಫಾರೆಸ್ಟ್ ಗಾರ್ಡ್ ಆಗಿದ್ದೆ. ಭಾನುವಾರ ಬಂತೆಂದರೆ ಶಿವಮೊಗ್ಗದಿಂದಲೂ ಭದ್ರಾವತಿಯಿಂದಲೂ ಜನ ಬಂದು ಹೊಳೆಗಿಳಿಯುತ್ತಿದ್ದರು. ಕೆಲವರು ಮೇಲೆ ಬರುತ್ತಿರಲಿಲ್ಲ. ಹೆಣ ಎತ್ತಿಸಿ ಎತ್ತಿಸಿ ಸಾಕಾದ ನಮ್ಮ ರೇಂಜರ್ ಸಾಹೇಬರು, "ಮುಳುಗಿದ್ಮೇಲೆ ಹುಡುಕೋದಲ್ಲ ಕಣ್ರೀ, ಮುಳುಗದ ಹಾಗೆ ನೋಡ್ಕೊಳ್ಳಿ" ಎಂದು ನನ್ನನ್ನು ಕಾಲುದಾರಿ ಶುರುವಾಗುವಲ್ಲಿ ನಿಲ್ಲಿಸಿದರು. ಎಲ್ಲಿಗೆ ಹೊರಟಿದ್ದಾರೆ, ಎಷ್ಟು ಜನ ಎಂದು ಕೇಳಬೇಕು. ಎಲ್ಲಿ ಇಳಿಯಬಾರದು ಎಂದು ಹೇಳಬೇಕು. ಸಂಜೆ ಅಷ್ಟೂ ಜನ ವಾಪಸು ಬಂದರೇ ಎಂದು ನೋಡಬೇಕು. ಇದು ಡ್ಯೂಟಿ.

ಹೇಳುವುದು ಸುಲಭ. ನಮ್ಮ ಜನರನ್ನು ಕೇಳಿ ನೋಡಿ, ಆಗ ಗೊತ್ತಾಗುತ್ತದೆ. ಹೊರಟವರನ್ನು "ಎಲ್ಲಿಗೆ" ಎನ್ನಬಾರದಲ್ಲ! ಮೊದಲ ವಾರವೇ ಒಬ್ಬ ಹಿರಿಯರು, "ಹೊರಟೋರ್ನ ಎಲ್ಲಿಗೆ ಅಂತ ಕೇಳ್ತೀಯಲ್ಲ ಮಾರಾಯ, ಮನೇಲಿ ಯಾರೂ ಹೇಳ್ಕೊಟ್ಟಿಲ್ವಾ?" ಎಂದು ಬೈದರು. ಆಮೇಲೆ ಮರದ ಬುಡದಲ್ಲಿ ಕೂತು, ನನ್ನ ಬಾಟಲಿಯ ನೀರನ್ನೇ ಕುಡಿದು, ಅಪಶಕುನ ಕಳೆದುಕೊಂಡು ಎದ್ದು ಹೋದರು. ಅವತ್ತಿನಿಂದ ನಾನು "ದೂರ ಹೊರಟ್ರಾ?" ಎಂದು ಶುರುಮಾಡಿದೆ. ಅದಕ್ಕೆ ಎಲ್ಲರದೂ ಒಂದೇ ಉತ್ತರ: "ಇಲ್ಲೇ." ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಬಿರಿಯಾನಿ ಡಬ್ಬ, ಕಾಲಲ್ಲಿ ಹವಾಯಿ ಚಪ್ಪಲಿ, ಬಾಯಲ್ಲಿ "ಇಲ್ಲೇ". ಈ ಇಲ್ಲೇ ಎಂಬ ಜಾಗ ಎಲ್ಲಿದೆಯೋ, ರಿಟೈರ್ ಆಗುವವರೆಗೂ ನನಗೆ ಸಿಗಲಿಲ್ಲ.

ಈ ಕೆಲಸದಲ್ಲಿ ಇನ್ನೊಂದು ಕರ್ಮವಿದೆ. ಮುಳುಗದೆ ವಾಪಸು ಬಂದವನು ನಿಮ್ಮಿಂದ ಬದುಕಿದೆ ಎಂದು ಯಾವತ್ತೂ ಹೇಳುವುದಿಲ್ಲ. "ನೋಡಿದ್ರಾ ಸಾರ್, ಏನೂ ಆಗ್ಲಿಲ್ಲ, ಸುಮ್ನೆ ಹೆದರಿಸ್ತೀರಿ" ಎಂದು ಹಂಗಿಸಿಯೇ ಹೋಗುತ್ತಾನೆ. ಏನೂ ಆಗದಿರಲಿ ಎಂದೇ ದಿನವಿಡೀ ಗಂಟಲು ಹರಿದುಕೊಂಡವನಿಗೆ ಇದು ಹೇಗಾಗಬೇಡ!

ಮಳೆಗಾಲ ಮುಗಿಯುತ್ತಿದ್ದ ಒಂದು ಭಾನುವಾರ. ದೊಡ್ಡ ಗುಂಪೊಂದರ ಜೊತೆ ನಾನು ವಾದಕ್ಕೆ ಬಿದ್ದಿದ್ದಾಗ, ಇಸ್ತ್ರಿ ಮಾಡಿದ ಬಿಳಿ ಅಂಗಿಯವರೊಬ್ಬರು ಪಕ್ಕದಲ್ಲೇ ದಾಟಿದರು. ಅವರ ಜೊತೆಯವರು ಆಗಲೇ ಮುಂದಿನ ತಿರುವಿನಲ್ಲಿದ್ದರು. ಯಾವೂರು ಎಂದರೆ, ಶಿವಮೊಗ್ಗದ ಹೊಸಮನೆ, ಅಲ್ಲಿ ತಮ್ಮದೊಂದು ಟೈಲರ್ ಅಂಗಡಿ ಎಂದರು.

"ದೂರ ಹೊರಟ್ರಾ?"

"ಇಲ್ಲೇ, ಹೊಳೆ ಆಚೆ ಊರಿಗೆ."

"ಎಷ್ಟು ಜನ?"

ಅವರು ಸ್ವಲ್ಪ ತಡೆದು, "ನಾಲ್ಕು" ಎಂದರು. ಸಂಜೆ ಮೇಲಿನ ಡ್ಯಾಮಿನಿಂದ ನೀರು ಬಿಡುತ್ತಾರೆ, ಅಷ್ಟರೊಳಗೆ ಬಂಡೆ ದಾಟಿ ಬಂದುಬಿಡಿ ಎಂದೆ. ತಲೆಯಾಡಿಸಿ ಹೋದರು.

ಸಂಜೆಯಾದರೂ ಅವರಲ್ಲಿ ಯಾರೂ ಬರಲಿಲ್ಲ. ಹೊಳೆ ಏರಿ, ದಾಟುವ ಬಂಡೆಗಳೆಲ್ಲ ಮುಚ್ಚಿಹೋದವು. ರಸ್ತೆ ಬದಿಯ ಟೀ ಹೋಟೆಲಿಗೆ ಓಡಿದೆ. "ಬಂದ್ರಲ್ಲಣ್ಣ, ಬಿಳಿ ಅಂಗಿಯೋರು, ಕೆಳಗಿನ ದಾರೀಲಿ ಬಂದ್ರು. ಪ್ಯಾಂಟೆಲ್ಲ ಒದ್ದೆ. ಶಿವಮೊಗ್ಗ ಬಸ್ ಹತ್ತಿದ್ರು" ಎಂದಳು ಹೋಟೆಲಿನ ಅಕ್ಕ.

"ನಾಲ್ಕೂ ಜನಾನಾ?"

"ಮೂರೇ ಜನ. ಮೂರು ಟೀ ಕೊಟ್ಟಿದೀನಿ."

ಒಬ್ಬ ಮುಳುಗಿದರೆ ಉಳಿದವರು ಹೆದರಿ ಓಡಿಹೋಗುವುದನ್ನು ನಾನು ಮೊದಲೂ ಕಂಡಿದ್ದೆ. ಮೀನು ಹಿಡಿಯುವ ಚಾಚಾನನ್ನು ಕೂಗಿ ಕರೆದೆ. ಹೊಳೆಯ ಆ ಭಾಗದಲ್ಲಿ ತೆಪ್ಪ ಇದ್ದದ್ದು ಅವರೊಬ್ಬರದೇ. ಮನೆಯ ಅಷ್ಟೂ ಜನಕ್ಕೆ ಅವರೊಬ್ಬರದೇ ದುಡಿಮೆ. ಆ ನೀರು ನೋಡಿಯೂ ಚಾಚಾ ತೆಪ್ಪ ಇಳಿಸಿದರು. ನಾನು, ನಮ್ಮ ವಾಚರ್, ಚಾಚಾ, ಮೂವರೂ ಹೊರಟೆವು. ನಡುಹೊಳೆಯಲ್ಲಿ ತೆಪ್ಪ ಬಂಡೆಗೆ ತಾಗಿ ಮಗುಚಿಕೊಂಡಿತು. ನನಗೂ ವಾಚರನಿಗೂ ಅತ್ತಿಮರದ ಕೊಂಬೆ ಸಿಕ್ಕಿತು. ಚಾಚಾ ಕಾಣಲಿಲ್ಲ.

ದಡದ ಮುಳ್ಳಿನಲ್ಲಿ ಕೂಗುತ್ತಾ ಓಡಿದೆವು. ಅವರ ಹೆಂಡತಿಗೆ ಏನೆಂದು ಹೇಳಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಕೆಳಗಿನ ತಿರುವಿನಲ್ಲಿ, ಪೊದೆಗೆ ಸಿಕ್ಕಿಕೊಂಡ ತೆಪ್ಪವನ್ನು ಅಪ್ಪಿ ಹಿಡಿದು ನೇತಾಡುತ್ತಿದ್ದರು. ಎಳೆದು ಮೇಲೆ ಹಾಕಿದಾಗ ನೀರು ಕಕ್ಕಿ, ಅವರು ಕೇಳಿದ ಮೊದಲ ಮಾತು: "ಸಿಕ್ಕಿದ್ನಾ ಸಾಬ್?"

ಬೆಳಿಗ್ಗೆ ಎದ್ದವನೇ ಹೊಸಮನೆಗೆ ಹೋದೆ. ಟೈಲರು ಕೊರಳಿಗೆ ಟೇಪು ಹಾಕಿಕೊಂಡು ಬಟ್ಟೆ ಕತ್ತರಿಸುತ್ತಿದ್ದರು. ನಾಲ್ಕನೆಯವರು ಎಲ್ಲಿ ಎಂದು ಕೇಳಿದೆ.

"ಯಾವ ನಾಲ್ಕನೆಯವರು?" ಎಂದು ಯೋಚಿಸಿ, ಆಮೇಲೆ ಮುಖ ಅರಳಿಸಿದರು. "ಓ, ಅವನಾ! ವಾಪಸ್ ಬರ್ತಾ ಹೊಳೇಲಿ ಹಾಕಿ ಬಂದ್ವಿ ಸಾರ್."

ನಾನು ಕಾಲರಿಗೆ ಕೈ ಹಾಕಿದ ಮೇಲೆ ವಿಷಯ ಹೊರಬಿತ್ತು. ತಮ್ಮನಿಗೆ ಹೆಣ್ಣು ಕೇಳಲು ಹೊರಟಿದ್ದವರು ಈ ಟೈಲರು, ಅವರ ಭಾವ, ಮತ್ತೆ ಚಿಕ್ಕಪ್ಪ. ಶುಭಕಾರ್ಯಕ್ಕೆ ಮೂವರು ಹೋದರೆ ಕೆಲಸ ಕೆಡುತ್ತದಂತೆ. ಅದಕ್ಕೆ ಅವರ ತಾಯಿ ಭಾವನ ಜೇಬಿಗೊಂದು ಕಲ್ಲು ಹಾಕಿ ನಾಲ್ಕು ಮಾಡಿದ್ದರು. ಕೆಲಸವಾಯಿತು, ಕಲ್ಲು ಹೊಳೆಗೆ ಬಿತ್ತು. ನನ್ನ ಪ್ರಶ್ನೆ ತಪ್ಪಿಸಿಕೊಳ್ಳಲು ನೀರು ಏರುವ ಮುಂಚೆಯೇ ಬಂಡೆ ದಾಟಿ ಕೆಳಗಿನ ದಾರಿ ಹಿಡಿದಿದ್ದರು. ನಾನು ಬೀದಿಯೆಲ್ಲ ಸೇರುವ ಹಾಗೆ ಕೂಗಾಡಿದೆ. ಅವರಿಗೇ ಬೇಜಾರಾಯಿತು. "ನಾವೇನ್ ಸುಳ್ಳು ಹೇಳಿದ್ವಾ ಸಾರ್? ಲೆಕ್ಕಕ್ಕೆ ನಾಲ್ಕೇ ಅಲ್ವಾ? ಹೆಣ್ಣಿನ ಕಡೆಯೋರು ಒಪ್ಪಿದ್ರು, ಪೇಡಾ ತಗೊಳ್ಳಿ" ಎಂದು ಡಬ್ಬ ಮುಂದೆ ಹಿಡಿದರು.

ಕಲ್ಲಿನ ಕತೆ ಕೇಳಿ ಚಾಚಾ, "ಹೋಗ್ಲಿ ಬಿಡಿ ಸಾಬ್, ಯಾರೂ ಸಾಯ್ಲಿಲ್ವಲ್ಲ" ಎಂದರು. ನನಗೆ ಹಾಗೆ ಬಿಡಲಾಗಲಿಲ್ಲ. ಮುಂದೆ ಬಂದವರನ್ನೆಲ್ಲ "ಕಲ್ಲು ಬಿಟ್ಟು ಎಷ್ಟು ಜನ?" ಎಂದೇ ಕೇಳಿದೆ. ಹೆಚ್ಚಿನವರು ಇವನಿಗೆ ತಲೆ ಕೆಟ್ಟಿದೆ ಎಂಬಂತೆ ನೋಡುತ್ತಿದ್ದರು. ಆದರೆ ಆಗೊಬ್ಬರು ಈಗೊಬ್ಬರು ಮೆಲ್ಲಗೆ ಜೇಬು ಮುಟ್ಟಿಕೊಂಡು, "ಹಾಗಾದ್ರೆ ಮೂರು" ಎನ್ನುತ್ತಿದ್ದರು.

ಮನೆಯಲ್ಲಿ ನಾನು ಏನೂ ಹೇಳಿರಲಿಲ್ಲ. ಆದರೆ ನಾವಿದ್ದ ಜನ್ನಾಪುರದಲ್ಲಿ ಸುದ್ದಿ ನಿಲ್ಲುತ್ತದೆಯೇ? ವಾಚರನ ಹೆಂಡತಿ ನಲ್ಲಿಯ ಹತ್ತಿರ ಎಲ್ಲ ಒದರಿದ್ದಳು. ತೆಪ್ಪ ಮಗುಚಿದ ಮರುವಾರ ಶೂ ಕಟ್ಟಿಕೊಂಡು ಎದ್ದಾಗ, ದಿನಾ "ದೂರಾನಾ?" ಎನ್ನುವ ನನ್ನ ಹೆಂಡತಿ ಅವತ್ತು ಬಾಗಿಲಿಗೆ ಅಡ್ಡ ನಿಂತಳು. ಹತ್ತಿರ ಬಂದು ನನ್ನ ಯೂನಿಫಾರ್ಮಿನ ಜೇಬಿಗೆ ಏನೋ ಹಾಕಿದಳು. ಭಾರವಾಗಿತ್ತು. ಮುಟ್ಟಿದರೆ ಕಲ್ಲು.

ನನಗೆ ಮೈಯೆಲ್ಲ ಉರಿಯಿತು. "ಇದೇ ಕಲ್ಲಿಂದ ಅಲ್ವೇನೇ ನಾವು ಸಾಯೋಕೆ ಹೋಗಿದ್ದು? ಹೊಳೆಗಿಳಿಯೋನ ಜೇಬಿಗೆ ಯಾರಾದ್ರೂ ಕಲ್ಲು ಹಾಕ್ತಾರಾ?"

"ಹೋದ ವಾರ ನೀವು ಮೂರೇ ಜನ ಹೋಗಿದ್ರಿ" ಎಂದಳು.

ಬೈಯಬೇಕೆಂದು ಬಾಯಿ ತೆರೆದೆ. ಅವಳು ಜೇಬಿನ ಗುಂಡಿ ಹಾಕಲು ನೋಡುತ್ತಿದ್ದಳು. ಕಲ್ಲಿನ ಉಬ್ಬಿಗೆ ಗುಂಡಿ ಕೂರದೆ ಮತ್ತೆ ಮತ್ತೆ ಜಾರುತ್ತಿತ್ತು. ಕೊನೆಗೆ ಅವಳ ಕೈ ಸರಿಸಿ, ನಾನೇ ಗುಂಡಿ ಹಾಕಿಕೊಂಡೆ.