ಅಮೆರಿಕಾದ ನಳ, ಕುಶನೂರಿನ ಗಡಿಗಿ

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ನಾನು ಠಾಣಾ ಕುಶನೂರಿನ ಸಾಲಿಗೆ ಮಾಸ್ತರನಾಗಿ ಹೋದೆ. ನನ್ನಷ್ಟು ತಿಳಿದವನು ಔರಾದ ತಾಲೂಕಿನಲ್ಲೇ ಇರಲಿಲ್ಲ; ತಾಲೂಕಿಗೆ ಅದು ಗೊತ್ತಿರಲಿಲ್ಲ, ಅಷ್ಟೇ. ಒಂದು ದಿನ ಪೇಪರ್ ಹಿಡಿದು ಮಕ್ಕಳಿಗೆ ಅಮೆರಿಕಾದ ಕರಿಯರ ಹೋರಾಟ ಹೇಳತೊಡಗಿದೆ. ಬಸ್ಸಿನಲ್ಲಿ ಅವರಿಗೆ ಹಿಂದಿನ ಸೀಟು, ಕುಡಿಯಲು ಬೇರೆ ನಳ ಎಂದು ಗುಡುಗಿದೆ. ನನ್ನ ದನಿಗೆ ಭಾಲ್ಕಿಯಲ್ಲಿ ರೈಲು ನಿಂತಿರಬೇಕು.

ಊರ ಹೊರಗಿನ ಕೇರಿಯ ಹುಡುಗಿ ಶಾಂತಾಬಾಯಿ ತರಗತಿಯ ಬಾಗಿಲ ಬಳಿ ಒಬ್ಬಳೇ ಕೂಡುತ್ತಿದ್ದಳು. ಅವಳು ಕೈ ಎತ್ತಿದಳು.

"ಅವರಿಗಿ ಬ್ಯಾರೆ ನಳಾನೇ ಅದ ಏನ್ರಿ ಮಾಸ್ತರ? ನಸೀಬದ ಮಂದಿ ನೋಡ್ರಿ! ನಾವು ಸಾಲಿ ಗಡಿಗಿ ಮುಟ್ಟೋ ಹಾಂಗಿಲ್ಲ. ಯಾರರ ಮ್ಯಾಲಿಂದ ಸುರುವಿದ್ರ ಕುಡೀತೇವಿ. ಇವತ್ತ ಮುಂಜಾನಿಂದ ಯಾರೂ ಸುರುವಿಲ್ರಿ."

ನಾನು ಅಮೆರಿಕಾವನ್ನು ಪೇಪರ್ ಸಮೇತ ಮಡಚಿ ಪಕ್ಕಕ್ಕಿಟ್ಟೆ.

"ನನಗೂ ನೀರಡಿಕಿ ಆಗ್ಯಾದವ್ವಾ. ಗಡಿಗಿಯಿಂದ ತುಂಬ್ಕೊಂಡು ಮೊದಲ ನೀ ಕುಡಿ, ಆಮ್ಯಾಲ ನನಗ ಕೊಡು," ಎಂದೆ.

ಅವಳು ಎರಡು ಗ್ಲಾಸು ಕುಡಿದಳು. ಅದೇ ಗ್ಲಾಸಿನಲ್ಲಿ ನಾನು ಮೂರು ಕುಡಿದೆ. ಶೂರರು ಅಳತೆ ನೋಡುವುದಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಡ್ ಮಾಸ್ತರರು ಎಲ್ಲ ನೋಡಿ ಹೊರಟುಹೋದರು. ಮರುದಿನದಿಂದ ಮನೆಯಿಂದ ತಂಬಿಗೆಯಲ್ಲಿ ತಮ್ಮ ನೀರು ತರತೊಡಗಿದರು. ಅಂತೂ ನಮ್ಮ ಸಾಲಿಯಲ್ಲಿ ಬೇರೆ ನೀರು ಅವರೊಬ್ಬರಿಗೇ ಉಳಿಯಿತು.