ನಾಲ್ಕು ನಾಝಲ್, ಎರಡು ಗಾಡಿ

ಎರ್ಮೆಲಿಂದಾ ಸೊತೆಲೊಗೆ ಸಿಟ್ಟು ಬಂದಿದೆ ಎಂದು ತಿಳಿಯಲು ಅವಳ ಮುಖ ನೋಡಬೇಕಾಗಿರಲಿಲ್ಲ. ಕಾರಿನ ಬಾನೆಟ್ಟನ್ನು ಅವಳು ಮುಚ್ಚಿದ ಸದ್ದು ಮೂರು ಬೀದಿಯಾಚೆಗೂ ಕೇಳಿಸುತ್ತಿತ್ತು. ಪಾಸೊ ನಾರಂಹೊ ಊರಿನವರು ಆ ಸದ್ದು ಕೇಳಿ, ಇವತ್ತು ಯಾರ ಗ್ರಹಚಾರ ಕೆಟ್ಟಿದೆಯೋ ಎಂದುಕೊಂಡು ತಮ್ಮ ತೆರೆರೆ ಎಂಬ ತಣ್ಣನೆಯ ಎಲೆಚಹಾದ ಲೋಟಕ್ಕೆ ಇನ್ನಷ್ಟು ತಣ್ಣೀರು ಸುರಿದುಕೊಳ್ಳುತ್ತಿದ್ದರು.

ಕಾರಣವಿಲ್ಲದೆ ಸಿಟ್ಟಾಗುವಷ್ಟು ಬಿಡುವು ಆಕೆಗಿರಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಗಂಡ ಲೌತಾರೊ ಬೇರೊಬ್ಬಳ ಜೊತೆ ಬಸ್ಸು ಹತ್ತಿ ಹೋದ. ಆ ಪುಣ್ಯಾತ್ಮ ಬ್ಯಾಟರಿಗೆ ನೀರು ಹಾಕದೆ ಆರು ತಿಂಗಳಾಗಿತ್ತು, ಆ ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಆಗಿದ್ದರೆ ಅದನ್ನೂ ಒಯ್ಯುತ್ತಿದ್ದ. ಹೀಗೆ ಅವಳ ಪಾಲಿಗೆ ಒಬ್ಬ ಮಗಳು ಮತ್ತು ಬೂದು ಬಣ್ಣದ ಒಂದು ಪೆಜೋ 504 ಉಳಿದವು. ಮಗಳು ನಿಲ್ದಾ ಮದುವೆಯಾಗಿ ಹೋದಳು. ಕಾರು ಎಲ್ಲಿಗೂ ಹೋಗಲಿಲ್ಲ.

ಆ ಕಾರನ್ನು ಅವಳು ಸಾಕಿದ ರೀತಿಯನ್ನು ಕಂಪನಿಯವರು ಕಂಡಿದ್ದರೆ ಬೆರಗಾಗುತ್ತಿದ್ದರು. ಡೀಸೆಲ್ ಟ್ಯಾಂಕು ತೊಟ್ಟಿಕ್ಕಿದರೆ ಬಟ್ಟೆ ಸೋಪನ್ನು ತಿಕ್ಕಿ ಬಿರುಕು ಮುಚ್ಚುತ್ತಿದ್ದಳು. ಗ್ಯಾಸ್ಕೆಟ್ ಹೋದರೆ ಬಿಸ್ಕತ್ತಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಮಗಳ ಹಳೇ ಕತ್ತರಿಯಲ್ಲಿ ಕತ್ತರಿಸುತ್ತಿದ್ದಳು. ಬಂಕಿನಿಂದ ತಂದ ಡೀಸೆಲ್ಲನ್ನು ಲೌತಾರೊ ಬಿಟ್ಟುಹೋದ ಉಣ್ಣೆಯ ಟೋಪಿಯಲ್ಲಿ ಸೋಸದೆ ಟ್ಯಾಂಕಿಗೆ ಸುರಿದವಳಲ್ಲ. ಆ ಗಂಡಸಿನಿಂದ ಮನೆಗೆ ಆದ ಉಪಯೋಗ ಅದೊಂದೇ. ಆದರೆ ಒಂದು ವಿಷಯದಲ್ಲಿ ಮಾತ್ರ ಅವಳು ಜುಗ್ಗತನ ಮಾಡಲಿಲ್ಲ, ಅದು ನಾಝಲ್. ಇಂಜಿನ್ನಿನೊಳಕ್ಕೆ ಡೀಸೆಲ್ಲನ್ನು ಹನಿಹನಿಯಾಗಿ ಅಲ್ಲ, ಮಂಜಿನಂತೆ ಚಿಮ್ಮಿಸುವ ಆ ನಾಲ್ಕು ಬೆರಳುದ್ದದ ತುಂಡುಗಳಿಗಾಗಿ ಹೋದ ಚಳಿಗಾಲದಲ್ಲಿ ಎರಡು ತಿಂಗಳು ಮಾಂಸ ಬಿಟ್ಟು ಬರೀ ಗೆಣಸು ತಿಂದಿದ್ದಳು.

ಯಾಕೆಂದರೆ ಆ ಕಾರು ಅವಳೊಬ್ಬಳದಲ್ಲ. ಮಂಗಳವಾರ, ಗುರುವಾರ, ಶನಿವಾರ ನಸುಕಿಗೇ, ಪಂಚಾಯಿತಿ ಕೊಡುವ ಬಾಡಿಗೆಗೆ, ಮೂವರು ರೋಗಿಗಳನ್ನು ಕೂರಿಸಿಕೊಂಡು ತೊಂಬತ್ತು ಕಿಲೋಮೀಟರ್ ದೂರದ ನಗರಕ್ಕೆ ಹೋಗಬೇಕು. ಅಲ್ಲಿ ಯಂತ್ರ ಅವರ ರಕ್ತ ತೊಳೆಯುತ್ತದೆ. ಬಸ್ಸು ಹೊರಡುವುದು ಎಂಟಕ್ಕೆ, ಯಂತ್ರ ಕಾಯುವುದು ಆರಕ್ಕೆ. ಒಂದು ಸರದಿ ತಪ್ಪಿದರೆ ಅವರಲ್ಲಿ ಊರೆಲ್ಲ ಮರ್ಯಾದೆಗೆ ದೋನ್ಯಾ ಅನ್ನುವ ಎಪ್ಪತ್ತನಾಲ್ಕರ ಹೊವಿತಾಳ ಕಾಲು ಊದಿ ಚಪ್ಪಲಿ ಹಿಡಿಸುವುದಿಲ್ಲ, ಉಸಿರು ಮೇಲಕ್ಕೆ ಎಳೆಯುತ್ತದೆ. ಎರಡು ತಪ್ಪಿದರೆ ಏನಾಗುತ್ತದೆ ಎಂದು ಊರಿನಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ರೋಗಿಗಳನ್ನು ಒಯ್ಯುವ ಗಾಡಿಗೆ ತಪಾಸಣೆಯ ಚೀಟಿ ಬೇಕು. ಗಾಡಿಗಳನ್ನು ಪರೀಕ್ಷಿಸುವ ಯಂತ್ರ ಹೊತ್ತು ತಿಂಗಳಿಗೊಮ್ಮೆ ಬರುವ ತಪಾಸಣೆ ಲಾರಿ ಊರಿಗೆ ಬಂದ ದಿನಗಳಲ್ಲಿ ಪಾಸೊ ನಾರಂಹೊದಲ್ಲಿ ನಡೆಯುವ ನಾಟಕವನ್ನು ನೋಡಬೇಕು. ಬೆಂಕಿ ನಂದಿಸುವ ಸಿಲಿಂಡರ್ ಇಡೀ ಊರಿಗೆ ಒಂದೇ, ಅದು ಕಾರಿನಿಂದ ಕಾರಿಗೆ ಹಾರುತ್ತದೆ. ಬೇಕರಿಯವನ ಒಳ್ಳೆಯ ಟೈರುಗಳು ಬೆಳಿಗ್ಗೆ ಒಂದು ಗಾಡಿಯಲ್ಲಿ, ಮಧ್ಯಾಹ್ನ ಇನ್ನೊಂದರಲ್ಲಿ. ಇದಕ್ಕೆ ಯಾರೂ ಮೋಸ ಅನ್ನುತ್ತಿರಲಿಲ್ಲ. ಕೊಡದವನನ್ನು ಮಾತ್ರ ಕೆಟ್ಟವನು ಅನ್ನುತ್ತಿದ್ದರು.

ಆದರೆ ನಾಝಲ್ಲನ್ನು ಯಾರೂ ಕೇಳಿರಲಿಲ್ಲ, ಕಸಿಮಿರೊ ವಯೆಹೊಸ್ ಭಾನುವಾರ ಸಂಜೆ ಗೇಟಿನ ಬಳಿ ಟೋಪಿ ತೆಗೆದು ನಿಲ್ಲುವವರೆಗೆ.

"ಕೊಮಾದ್ರೆ, ನನ್ನ ತಪಾಸಣೆ ನಾಳೆ ಬೆಳಿಗ್ಗೆ. ನಿಮ್ಮದು ಸಂಜೆ ನಾಲ್ಕಕ್ಕಲ್ವಾ? ಮಧ್ಯಾಹ್ನದೊಳಗೆ ನಿಮ್ಮ ಕೈಗೆ ಇಡ್ತೀನಿ. ನನ್ನ ಗಾಡಿ ಹೊಗೆ ನೋಡಿದ್ರೆ ಆ ತಪಾಸಣೆ ಹುಡುಗ ಹತ್ರಕ್ಕೂ ಸೇರಿಸಲ್ಲ."

ಅವನ ಕಾರೂ ಅದೇ ಮಾದರಿ, ಅದೇ ಇಂಜಿನ್. ಬಾಡಿಗೆಗೆ ಓಡಿಸುತ್ತಿದ್ದ. ಕೂಸಾಗಿದ್ದ ನಿಲ್ದಾಳನ್ನು ದೀಕ್ಷಾಸ್ನಾನದ ದಿನ ಚರ್ಚಿನಲ್ಲಿ ಕೈಯಲ್ಲಿ ಹಿಡಿದು ತಲೆಗೆ ನೀರು ಹಾಕಿಸಿದವನು ಅವನೇ. ಹಾಗೆ ಹಿಡಿದವನು ಆ ಮನೆಗೆ ಕೊಂಪಾದ್ರೆ, ಮಗುವಿನ ತಾಯಿ ಅವನಿಗೆ ಕೊಮಾದ್ರೆ; ಒಡಹುಟ್ಟಿದವನಿಗಿಂತ ಒಂದು ಕೈ ಮೇಲು. ಇಲ್ಲ ಅನ್ನುವಂತಿಲ್ಲ. ಬಿಚ್ಚುವಾಗ ಅರದಲ್ಲಿ ಒಂದೊಂದು ಗೆರೆ ಎಳೆದು ಗುರುತು ಹಾಕಲೇ ಎಂದು ಅವಳಿಗೆ ಅನ್ನಿಸಿತು. ಅವನು ಎದುರಿಗೇ ಕೂತಿದ್ದ. ಅವನ ಮುಂದೆ ಗುರುತು ಹಾಕುವುದೂ ಒಂದೇ, ಮುಖಕ್ಕೆ ಕಳ್ಳ ಅನ್ನುವುದೂ ಒಂದೇ. ಅರವನ್ನು ಡಬ್ಬಿಗೆ ಹಾಕಿ ನಾಲ್ಕನ್ನೂ ಹಾಗೇ ಕೊಟ್ಟುಬಿಟ್ಟಳು.

ಸೋಮವಾರ ಒಂದೂವರೆಗೆ ಅವನು ಪೇಪರಿನಲ್ಲಿ ಸುತ್ತಿ ತಂದುಕೊಟ್ಟ. ಕೂರಲಿಲ್ಲ, ತೆರೆರೆ ಬೇಡ ಅಂದ. ಹೊತ್ತಾಯಿತೆಂಬ ಅವಸರದಲ್ಲಿ ಅವಳು ಮೂತಿಯನ್ನೂ ನೋಡದೆ ಉರಿಬಿಸಿಲಿನಲ್ಲೇ ನಾಲ್ಕನ್ನೂ ಕೂರಿಸಿದಳು. ಇಂಜಿನ್ ಒಣ ಜೋಳವನ್ನು ತಗಡಿನ ಡಬ್ಬಿಯಲ್ಲಿ ಅಲ್ಲಾಡಿಸಿದ ಹಾಗೆ ಬಡಿದುಕೊಂಡಿತು. ಪೈಪಿನಲ್ಲಿ ಗಾಳಿ ಸೇರಿರಬೇಕೆಂದು ನಟ್ಟು ಸಡಿಲಿಸಿ ಗಾಳಿ ತೆಗೆದಳು. ಮತ್ತೆ ಅದೇ ಬಡಿತ. ದಾರಿಯಲ್ಲಿ ಸರಿಹೋದೀತು ಎಂದು ಹೊರಟಳು. ಸರಿಹೋಗಲಿಲ್ಲ. ತಪಾಸಣೆಯ ಹುಡುಗ ಹೊಗೆಕೊಳವೆಗೆ ಯಂತ್ರ ಹಿಡಿದದ್ದೇ ತಡ, ಹಿಂದೆ ನಿಂತವರ ಅಂಗಿಯೆಲ್ಲ ಕಪ್ಪಾಯಿತು.

"ಆಗಲ್ಲ ಅಮ್ಮ."

"ಏನು ಆಗಲ್ಲ? ನೀನು ಹುಟ್ಟೋ ಮುಂಚೆಯಿಂದ ಈ ಗಾಡಿ ಓಡ್ತಾ ಇದೆ!"

"ನಾನು ಹೇಳ್ತಿಲ್ಲ, ಯಂತ್ರ ಹೇಳ್ತಿದೆ. ಇನ್ನೊಂದು ತಿಂಗಳಿಗೆ ಲಾರಿ ಮತ್ತೆ ಬರುತ್ತೆ, ಆಗ ತನ್ನಿ."

ಮನೆ ಸೇರುವಷ್ಟರಲ್ಲಿ ಪಂಚಾಯಿತಿ ಗುಮಾಸ್ತನ ಫೋನು. ಚೀಟಿಯಿಲ್ಲದ ಗಾಡಿಯಲ್ಲಿ ರೋಗಿಗಳನ್ನು ಕಳಿಸುವಂತಿಲ್ಲ, ಸೇತುವೆಯ ಪೊಲೀಸರು ಗಾಡಿಯನ್ನೇ ಜಪ್ತಿ ಮಾಡುತ್ತಾರೆ. ನಾಳೆಯಿಂದ ಕಸಿಮಿರೊ ಒಯ್ಯುತ್ತಾನೆ, ಅವನನ್ನು ಕೇಳಿ ಆಗಿದೆ, ಒಪ್ಪಿಯೂ ಆಗಿದೆ. ಅವಳು ಫೋನು ಕಿವಿಯಲ್ಲಿ ಇಟ್ಟುಕೊಂಡೇ ಇದ್ದಾಗ ಕಸಿಮಿರೊನ ಕಾರು ಗೇಟಿನ ಮುಂದೆ ಹಾದುಹೋಯಿತು. ಹತ್ತು ವರ್ಷದಿಂದ ಊರಿಡೀ ಬಡಿದುಕೊಳ್ಳುತ್ತಿದ್ದ ಗಾಡಿ ಈಗ ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು. ಹಿಂದೆ ಹೊಗೆಯ ಒಂದು ಎಳೆಯೂ ಇಲ್ಲ. ಆ ಸದ್ದು ಅವಳದು. ನಿದ್ದೆಯಲ್ಲೂ ಅವಳು ಅದನ್ನು ಗುರುತು ಹಿಡಿಯಬಲ್ಲಳು.

ಅವಳು ಬಿಸಿ ಇಂಜಿನ್ನಿನಿಂದಲೇ ನಾಝಲ್ಲುಗಳನ್ನು ಬಿಚ್ಚಿದಳು. ಕೈ ಸುಟ್ಟಿತು, ಸುಡಲಿ. ಮೂತಿ ಸವೆದು ಮಸಿ ಕಟ್ಟಿದ್ದ ನಾಲ್ಕು ಕಸ. ಅವನ್ನು ಉಡಿಯಲ್ಲಿ ಹಾಕಿಕೊಂಡು, ಸುತ್ತಿಗೆ ಮತ್ತು ಸ್ಪ್ಯಾನರ್ ಹಿಡಿದು ಅವನ ಅಂಗಳಕ್ಕೆ ನಡೆದಳು. ದಾರಿಯಲ್ಲಿ ಯಾರೂ ಎಲ್ಲಿಗೆ ಅಂತ ಕೇಳಲಿಲ್ಲ.

ಕಸಿಮಿರೊ ಕಾರು ಒರೆಸುತ್ತಿದ್ದ. ಅವಳ ಕೈಯನ್ನು ನೋಡಿದವನೇ ಬಟ್ಟೆ ಕೆಳಗೆ ಹಾಕಿದ.

"ಕೊಮಾದ್ರೆ, ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ, ಕೂತು ಮಾತಾಡೋಣ..."

"ಯಾರೋ ನಿನಗೆ ಕೊಮಾದ್ರೆ? ಬಾಯಿ ಮುಚ್ಚು!" ಇಪ್ಪತ್ತೆಂಟು ವರ್ಷ ಅವನಿಗೆ ನೀವು ಎಂದೇ ಮಾತಾಡಿದ ಬಾಯಿ ಅದು. "ನನ್ನ ಮಗಳ ತಲೆ ಹಿಡಿದ ಕೈ ಕಣೋ ಅದು! ಅದೇ ಕೈಯಲ್ಲಿ ಈ ಕಸ ಸುತ್ತಿ ಕೊಟ್ಟೆಯಲ್ಲ, ನಾಚಿಕೆ ಆಗ್ಲಿಲ್ವಾ?"

"ಎರಡು ದಿನ ಇಟ್ಕೊಂಡು ಕೊಡೋಣ ಅಂತ ಇದ್ದೆ. ನನ್ನವನ್ನೇ ಮತ್ತೆ ಹಾಕಿದ್ರೆ ಸೇತುವೆ ಹತ್ರ ಹೊಗೆ ನೋಡಿ ಹಿಡೀತಾರೆ ಅಂತ ಹೆದರಿಕೆ ಆಯ್ತು."

"ಪಂಚಾಯಿತಿಯೋನು ಕೇಳಿದಾಗ ಹೆದರಿಕೆ ಆಗ್ಲಿಲ್ವಾ? ಹೂಂ ಅಂದೆಯಲ್ಲ! ನನ್ನ ಹೊಟ್ಟೆ ಮೇಲೆ ಹೊಡೆದೆಯಲ್ಲೋ!"

ಬೇಲಿಯ ಮೇಲೆ ಆಗಲೇ ಐದಾರು ತಲೆಗಳು. ಎಲ್ಲರೂ ನೋಡಲಿ ಎಂದೇ ಅವಳು ಉಡಿಯಿಂದ ನಾಝಲ್ಲುಗಳನ್ನು ತೆಗೆದು ಅವನ ಬಾಗಿಲ ಕಲ್ಲಿನ ಮೇಲೆ ಸಾಲಾಗಿ ಇಟ್ಟು ಸುತ್ತಿಗೆ ಎತ್ತಿದಳು. ಮೊದಲನೆಯದರ ಮೂತಿ ಒಂದೇ ಏಟಿಗೆ ಹಾರಿತು. ಎರಡನೆಯದು, ಮೂರನೆಯದು, ನಾಲ್ಕನೆಯದು. ನಿಜ ಹೇಳಬೇಕೆಂದರೆ ಮೊದಲ ಏಟು ಕಸಿಮಿರೊಗೆ, ಉಳಿದ ಮೂರು ಅವಳ ಸ್ವಂತ ಖುಷಿಗೆ. ವರ್ಷಗಟ್ಟಲೆ ಇಷ್ಟು ಹಾಯೆನಿಸಿರಲಿಲ್ಲ.

ಆಮೇಲೆ ಅವನ ಕಾರಿನ ಬಾನೆಟ್ಟು ಎತ್ತಿ ಮೊದಲ ನಟ್ಟಿಗೆ ಸ್ಪ್ಯಾನರ್ ಹಾಕಿದಳು.

"ಬಿಚ್ಚಿ," ಅಂದ ಕಸಿಮಿರೊ ಮೆಲ್ಲಗೆ. "ನಿಮ್ಮದೇ, ಒಯ್ಯಿರಿ. ಆದ್ರೆ ಬೆಳಿಗ್ಗೆ ನಾಲ್ಕೂವರೆಗೆ ದೋನ್ಯಾ ಹೊವಿತಾ ಯಾವುದರಲ್ಲಿ ಹೋಗೋದು? ನಿಮ್ಮ ಗಾಡಿಗೆ ಚೀಟಿ ಇಲ್ಲ. ನನ್ನ ಗಾಡಿಗೆ ಹಳೇವನ್ನೇ ಹಾಕೋಣ ಅಂದ್ರೆ..." ಬಾಗಿಲ ಕಲ್ಲಿನ ಕಡೆ ನೋಡಿದ.

ಸ್ಪ್ಯಾನರ್ ನಟ್ಟಿನ ಮೇಲೆಯೇ ನಿಂತಿತು. ಊರಿನಲ್ಲಿ ಆ ಇಂಜಿನ್ನಿಗೆ ಹೊಂದುವ ಬೇರೆ ನಾಝಲ್ ಇಲ್ಲ. ರೋಗಿಗಳನ್ನು ಒಯ್ಯಬಹುದಾದ ಗಾಡಿ ಬೇರೆ ಇಲ್ಲ. ಎರ್ಮೆಲಿಂದಾ ತನ್ನದೇ ನಾಝಲ್ಲುಗಳನ್ನು ನೋಡುತ್ತ ನಿಂತಳು, ಮುಟ್ಟುವಂತಿಲ್ಲ. ಕಳ್ಳನ ಮೇಲಿನ ಸಿಟ್ಟು ಒಂದು ತೂಕವಾದರೆ, ಅವನು ಹೇಳಿದ್ದು ಸರಿಯಾಗಿದೆಯಲ್ಲ ಎಂಬ ಸಿಟ್ಟು ಎರಡು ತೂಕ. ಅವಳು ಬಾನೆಟ್ಟನ್ನು ಎಷ್ಟು ಜೋರಾಗಿ ಬಡಿದಳೆಂದರೆ ಬೇಲಿಯ ಮೇಲಿನ ತಲೆಗಳು ಒಟ್ಟಿಗೇ ಕೆಳಗಿಳಿದವು.

"ಕೀ ಕೊಡು."

"ಏನು?"

"ಕಿವಿ ಕೇಳಲ್ವಾ? ಲಾರಿ ಮತ್ತೆ ಬರೋವರೆಗೆ ಈ ಗಾಡಿ ಓಡಿಸೋಳು ನಾನು. ಪಂಚಾಯಿತಿ ಕಾಸೂ ನನಗೇ. ಚೀಟಿ ಗಾಡಿದು, ಡ್ರೈವರ್‌ದಲ್ಲ."

"ಮತ್ತೆ ನಾನು?"

"ನೀನು ಹಿಂದೆ ಕೂತ್ಕೋ. ಹೊವಿತಾಗೆ ಇಳಿಯೋಕೆ ಹತ್ತೋಕೆ ಕೈ ಬೇಕು. ನಿನ್ನ ಕೈಗೂ ಒಂದು ಒಳ್ಳೆ ಕೆಲಸ ಸಿಗ್ಲಿ."

ಮಂಗಳವಾರ ನಾಲ್ಕೂವರೆಗೆ ಹೊವಿತಾ ತನ್ನ ಮನೆಯ ಗೇಟಿನಲ್ಲೇ ನಿಂತಿದ್ದಳು, ಚಿಪಾ ರೊಟ್ಟಿಯ ಗಂಟು ಎದೆಗೊತ್ತಿಕೊಂಡು. ಮುಂದಿನ ಸೀಟಿಗೆ ಏರುವಾಗ ಏದುಸಿರು ಬಿಡುತ್ತಿದ್ದಳು. ಹಿಂದೆ ಇಬ್ಬರು ರೋಗಿಗಳ ನಡುವೆ ಕಸಿಮಿರೊ ಮಂಡಿ ಮಡಚಿಕೊಂಡು ಕೂತಿದ್ದ. ಊರು ದಾಟಿದ ಮೇಲೆ ಹೊವಿತಾ ಶುರು ಮಾಡಿದಳು.

"ನಿನ್ನ ನಾಝಲ್ ಯಾವನೋ ಕದ್ದನಂತೆ, ಎರ್ಮೆಲಿಂದಾ. ಅವನ ಕೈ ಸೇದಿಹೋಗ. ಇವತ್ತು ಗಾಡಿ ಬರಲ್ಲ ಅಂತ ಪಕ್ಕದ ಮನೆಯೋಳು ಹೇಳಿದ್ಲು. ರಾತ್ರಿಯೆಲ್ಲ ಕೂತೇ ಇದ್ದೆ ಕಣೇ. ಮಲಗಿದ್ರೆ ಉಸಿರು ಸಿಗಲ್ಲ."

ಹಿಂದಿನ ಸೀಟಿನಲ್ಲಿ ಕಸಿಮಿರೊ ಕೆಮ್ಮಿದ. ಎರ್ಮೆಲಿಂದಾ ಸುಮ್ಮನಿದ್ದಿದ್ದರೆ ಬೈಗುಳವೆಲ್ಲ ಅವನ ತಲೆಗೇ ಹೋಗುತ್ತಿತ್ತು, ಹೋಗಬೇಕಾದದ್ದೂ ಅಲ್ಲಿಗೇ. ಅವಳಿಗೆ ಸುಮ್ಮನಿರಲು ಆಗಲಿಲ್ಲ.

"ಕದ್ದೋನು ಹಿಂದೆ ಕೂತಿದಾನೆ. ಬದಲಿಗೆ ಹಾಕಬಹುದಾಗಿದ್ದ ನಾಲ್ಕನ್ನ ಸುತ್ತಿಗೆಯಲ್ಲಿ ಜಜ್ಜಿದೋಳು ನಾನು. ನನ್ನನ್ನೂ ಸೇರಿಸಿ ಬೈಯಿ."

ಹೊವಿತಾ ಒಮ್ಮೆ ಹಿಂದೆ ತಿರುಗಿ ನೋಡಿದಳು, ಒಮ್ಮೆ ಎರ್ಮೆಲಿಂದಾಳ ಸುಟ್ಟ ಬೆರಳುಗಳನ್ನು. ಬೈಯಲಿಲ್ಲ.

"ಜಜ್ಜುವಾಗ ನಾನು ನೆನಪಾಗ್ಲಿಲ್ವೇನೇ?"

ಎರ್ಮೆಲಿಂದಾ ಗೇರು ಬದಲಿಸಿದಳು. "ಇಲ್ಲ," ಅಂದಳು. "ನಾಲ್ಕೂ ಒಡೆದಾದ ಮೇಲೆ ನೆನಪಾದೆ. ಅದೂ ಇವನು ಹೇಳಿದ ಮೇಲೆ."